ಪಕ್ಕದ ಶೆಡ್ಡಿನ ಘಾಟು ಎಷ್ಟು ಅಪಾಯ? ನೀವೇ ಲೆಕ್ಕ ಹಾಕುವ ದಾರಿ

ಪೀಣ್ಯ, ಜಿಗಣಿ, ಮಂಗಳೂರಿನ ಬೈಕಂಪಾಡಿ, ಬೀದರಿನ ಕೊಳಾರ. ಕೈಗಾರಿಕಾ ಪ್ರದೇಶದ ಪಕ್ಕ ಮನೆ ಮಾಡಿಕೊಂಡವರು ಎಲ್ಲೇ ಇರಲಿ, ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಒಂದೇ: "ಈ ಗಾಳಿ ಕುಡಿದು ನಮಗೇನಾದರೂ ಆಗುತ್ತಾ?" ಸಿಗುವ ಉತ್ತರ ಎರಡೇ. ಶೆಡ್ಡಿನವರು "ಏನೂ ಆಗಲ್ಲ, ನಾವೇ ಒಳಗೆ ಕೆಲಸ ಮಾಡ್ತೀವಲ್ಲ" ಅನ್ನುತ್ತಾರೆ. ವಾಟ್ಸಾಪ್ ಗುಂಪಿನವರು "ಕ್ಯಾನ್ಸರ್ ಗ್ಯಾರಂಟಿ" ಅನ್ನುತ್ತಾರೆ. ಎರಡೂ ಲೆಕ್ಕ ಹಾಕದೆ ಆಡಿದ ಮಾತು.

ಲೆಕ್ಕ ಹಾಕಲು ಒಂದು ಕ್ರಮ ಇದೆ. 1983ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ಅದನ್ನು ನಾಲ್ಕು ಪ್ರಶ್ನೆಗಳಾಗಿ ಬರೆದಿಟ್ಟಿತು. ಯಾವ ಕೆಮಿಕಲ್? ಎಷ್ಟು ಇದ್ದರೆ ಏನು ಮಾಡುತ್ತದೆ? ನಮ್ಮ ಮೂಗಿಗೆ ಎಷ್ಟು ಬರುತ್ತಿದೆ? ಹಾಗಾದರೆ ಅಪಾಯ ಎಷ್ಟು? ಇವತ್ತಿಗೂ ಜಗತ್ತಿನೆಲ್ಲೆಡೆ ಪರಿಣತರು ಹಿಡಿಯುವ ದಾರಿ ಇದೇ. ಪರಿಣತರು ಇನ್ನೂ ಸೂಕ್ಷ್ಮವಾಗಿ ಮಾಡುತ್ತಾರೆ, ಆದರೆ ಒರಟು ಲೆಕ್ಕ ಹಾಕಲು ಹೈಸ್ಕೂಲ್ ಗಣಿತ ಸಾಕು.

ಲೆಕ್ಕ ಬೇಡದ ಸಂದರ್ಭ

ಇದನ್ನು ಮೊದಲೇ ಹೇಳಿಬಿಡಬೇಕು. ಇದ್ದಕ್ಕಿದ್ದಂತೆ ಘಾಟು ಬಂದು ಕಣ್ಣು ಬಿಡಲಾಗದೆ, ಉಸಿರು ಕಟ್ಟಿದಂತಾದರೆ ಪೆನ್ನು ಹಿಡಿಯಬೇಡಿ. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ, 2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದಲ್ಲಿ ಗ್ಯಾಸ್ ಸೋರಿದಾಗ ಜನ ನಿದ್ದೆಯಲ್ಲಿದ್ದರು. ಆ ಎರಡೂ ಅನಿಲ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ಹರಿಯುವಂಥವು.

ಗ್ಯಾಸ್ ಯಾವ ಕಡೆ ಸಾಗುತ್ತಿದೆ ನೋಡಿ, ಅದಕ್ಕೆ ಅಡ್ಡವಾಗಿ ನಡೆದು ಅದರ ದಾರಿಯಿಂದ ಹೊರಗೆ ಬನ್ನಿ. ಅದು ಹೋಗುವ ದಿಕ್ಕಿಗೇ ಓಡಿದರೆ ಅದೂ ಜೊತೆಗೇ ಬರುತ್ತದೆ. ತಗ್ಗಿಗೆ ಇಳಿಯಬೇಡಿ. ಹೊರಗೆ ಹೋಗಲು ಆಗದಿದ್ದರೆ ಕಿಟಕಿ ಬಾಗಿಲು ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ತುರುಕಿ, 112ಕ್ಕೆ ಫೋನ್ ಮಾಡಿ. ಕರಾವಳಿಯ ಐಸ್ ಪ್ಲಾಂಟ್‌ಗಳಲ್ಲಿ, ಕೋಲ್ಡ್ ಸ್ಟೋರೇಜ್‌ಗಳಲ್ಲಿ ಬಳಸುವ ಅಮೋನಿಯಾ ಗಾಳಿಗಿಂತ ಹಗುರ ನಿಜ. ಆದರೆ ಒತ್ತಡದಿಂದ ತಣ್ಣಗೆ ಚಿಮ್ಮಿದಾಗ ಅದು ಮಂಜಿನ ಹಾಗೆ ನೆಲ ಹಿಡಿದೇ ಬರುತ್ತದೆ. ಅದು ನೀರಿನಲ್ಲಿ ಕರಗುವುದರಿಂದ ಮೂಗಿಗೆ ಒದ್ದೆ ಬಟ್ಟೆ ಇಟ್ಟರೆ ಸ್ವಲ್ಪ ಅನುಕೂಲ.

ಮುಂದಿನದೆಲ್ಲ ದಿನನಿತ್ಯ, ವರ್ಷಗಟ್ಟಲೆ, ಸ್ವಲ್ಪ ಸ್ವಲ್ಪವೇ ಬರುವ ಗಾಳಿಯ ಬಗ್ಗೆ.

ಮೊದಲು ನಿಮ್ಮ ಮನೆಯೊಳಗೆ ನೋಡಿ

ಫ್ಯಾಕ್ಟರಿ ಕಡೆ ಬೊಟ್ಟು ಮಾಡುವ ಮೊದಲು ಒಂದು ಸಲ ಮನೆ ಸುತ್ತಿ. ಹೊಸ ಪ್ಲೈವುಡ್ ವಾರ್ಡ್‌ರೋಬ್‌ನಿಂದ ಫಾರ್ಮಾಲ್ಡಿಹೈಡ್ ತಿಂಗಳುಗಟ್ಟಲೆ ಬಿಡುತ್ತಲೇ ಇರುತ್ತದೆ. ಸೊಳ್ಳೆ ಕಾಯಿಲ್, ಊದುಬತ್ತಿ, ನುಸಿಗುಳಿಗೆ ಒಂದೊಂದೂ ತನ್ನ ಪಾಲು ಸೇರಿಸುತ್ತದೆ. ಟಾಯ್ಲೆಟ್ ತೊಳೆಯುವಾಗ ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಒಟ್ಟಿಗೆ ಹಾಕಿದರೆ ಕ್ಲೋರಿನ್ ಗ್ಯಾಸೇ ಹುಟ್ಟುತ್ತದೆ. ಈ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ಎಲ್ಲಕ್ಕಿಂತ ಮೋಸದ್ದು ಗ್ಯಾಸ್ ಗೀಸರ್. ಕಿಟಕಿ ಇಲ್ಲದ ಬಚ್ಚಲಲ್ಲಿ ಅದು ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಬೆರಳಿಗೆ ಹಾಕುವ ಸಾಮಾನ್ಯ ಆಕ್ಸಿಮೀಟರ್ ಇದನ್ನು ಹಿಡಿಯುವುದಿಲ್ಲ. ವಿಷ ಏರಿರುವಾಗಲೂ "98" ಅಂತಲೇ ತೋರಿಸಬಹುದು. ಆ ಸಂಖ್ಯೆ ನಂಬಿ ಆಸ್ಪತ್ರೆಗೆ ಹೋಗದೆ ಕೂರಬೇಡಿ.

ಮೂಗು ಸಾಕ್ಷಿ, ನ್ಯಾಯಾಧೀಶ ಅಲ್ಲ

ಜಾಸ್ತಿ ವಾಸನೆ ಅಂದರೆ ಜಾಸ್ತಿ ವಿಷ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ಇಡೀ ವಿಷಯದಲ್ಲಿ ಜನ ಎಡವುವುದು ಇಲ್ಲಿಯೇ. ಮೋರಿಯ ಹತ್ತಿರ ಬರುವ ಕೊಳೆತ ಮೊಟ್ಟೆಯ ನಾತ ಹೈಡ್ರೋಜನ್ ಸಲ್ಫೈಡ್‌ನದು. ಹತ್ತು ಕೋಟಿ ಪಾಲು ಗಾಳಿಯಲ್ಲಿ ಒಂದು ಪಾಲು ಇದ್ದರೂ ಮೂಗಿಗೆ ಗೊತ್ತಾಗಿಬಿಡುತ್ತದೆ. ಅದೇ ಅನಿಲ 100 ಪಿಪಿಎಂ ಹತ್ತಿರ ಹೋದರೆ, ಅಂದರೆ ಹತ್ತು ಲಕ್ಷಕ್ಕೆ ನೂರು ಪಾಲು ಆದರೆ, ಮೂಗಿನ ನರಗಳೇ ಸತ್ತಂತಾಗಿ ವಾಸನೆ ಮಾಯವಾಗುತ್ತದೆ. ಮ್ಯಾನ್‌ಹೋಲ್‌ಗೆ ಇಳಿದವರು "ಈಗ ನಾತ ಇಲ್ಲ" ಅಂದುಕೊಂಡ ಗಳಿಗೆಯಲ್ಲೇ ಪ್ರಾಣ ಕಳೆದುಕೊಳ್ಳುವುದು ಹೀಗೆ.

ಪೆಟ್ರೋಲ್ ಹೊಗೆಯಲ್ಲೂ ಇರುವ ಬೆಂಜೀನ್‌ನದು ಇನ್ನೊಂದು ಕಥೆ. ಅದು ಕ್ಯಾನ್ಸರ್ ತರುತ್ತದೆ ಅನ್ನುವುದರಲ್ಲಿ ಅನುಮಾನ ಇಲ್ಲ. ಆದರೆ ಮೂಗಿಗೆ ಗೊತ್ತಾಗುವ ಹೊತ್ತಿಗೆ ಅದು ಮಿತಿಗಿಂತ ನೂರಾರು ಪಟ್ಟು ದಾಟಿರುತ್ತದೆ. ಹಾಗಾಗಿ ವಾಸನೆ ಇದ್ದರೆ ಎಲ್ಲಿಂದ, ಯಾವಾಗ ಬಂತು ಅಂತ ಗೊತ್ತಾಗುತ್ತದೆ. ಎಷ್ಟು ಅಪಾಯ ಅಂತ ಗೊತ್ತಾಗುವುದಿಲ್ಲ.

ಡೈರಿ ಬರೆಯಿರಿ

ದುಡ್ಡು ಖರ್ಚಿಲ್ಲದ, ಎಲ್ಲಕ್ಕಿಂತ ಉಪಯೋಗದ ಕೆಲಸ ಇದು. ತಮಿಳುನಾಡಿನ ಕಡಲೂರಿನಲ್ಲಿ ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಸುತ್ತಲಿನ ಹಳ್ಳಿಯವರು 2004ರಲ್ಲಿ ಇದನ್ನೇ ಮಾಡಿದರು. ಯಾವ ಫ್ಯಾಕ್ಟರಿ ಹತ್ತಿರ ಯಾವ ಹೊತ್ತಿಗೆ ಎಂಥ ವಾಸನೆ ಅಂತ ತಾವೇ ಬರೆದಿಟ್ಟರು. ಆಮೇಲೆ ಪ್ಲಾಸ್ಟಿಕ್ ಬಕೆಟ್ಟಿನೊಳಗೆ ವಿಶೇಷ ಚೀಲ ಇಟ್ಟು, ಪಂಪ್ ಮಾಡಿ ಗಾಳಿ ಹಿಡಿದು ಲ್ಯಾಬಿಗೆ ಕಳಿಸಿದರು. ಆ ಬಕೆಟ್ ಉಪಾಯ ಕ್ಯಾಲಿಫೋರ್ನಿಯಾದ ರಿಫೈನರಿಗಳ ಪಕ್ಕದ ಜನರಿಂದ ಬಂದದ್ದು. ಯಾವ ಹೊತ್ತಿಗೆ ಬಕೆಟ್ ತೆರೆಯಬೇಕು ಅಂತ ಹೇಳಿಕೊಡುವುದು ಡೈರಿಯೇ.

ಒಂದು ದಿನದ ಬರಹ ಹೀಗಿದ್ದರೆ ಸಾಕು:

"ಮಂಗಳವಾರ. ರಾತ್ರಿ 9.40ರಿಂದ 11.15. ನೈಲ್ ಪಾಲಿಶ್ ತರಹದ ಘಾಟು, 5ಕ್ಕೆ 4. ಗಾಳಿ ಪೂರ್ವದಿಂದ, ತುಂಬ ನಿಧಾನ. ಶೆಡ್ಡಿನ ಲೈಟ್ ಉರೀತಿತ್ತು, ಕಂಪ್ರೆಸರ್ ಸದ್ದು ಇತ್ತು. ಮಗಳಿಗೆ ಕಣ್ಣುರಿ, ಅತ್ತೆಗೆ ಕೆಮ್ಮು. 12ಕ್ಕೆ ಇಬ್ಬರಿಗೂ ಕಡಿಮೆ."

ವಾಸನೆಯನ್ನು ಗೊತ್ತಿರುವ ವಸ್ತುವಿಗೆ ಹೋಲಿಸಿ ಬರೆಯಿರಿ. "ಕೆಟ್ಟ ವಾಸನೆ" ಅಂತ ಬರೆದರೆ ಯಾರಿಗೂ ಉಪಯೋಗ ಇಲ್ಲ. ಕೊಳೆತ ಮೊಟ್ಟೆಯೋ, ಪೆಟ್ರೋಲೋ, ಸುಟ್ಟ ಪ್ಲಾಸ್ಟಿಕ್ಕೋ, ಆಸ್ಪತ್ರೆಯ ಸ್ಪಿರಿಟ್ಟೋ ಅಂತ ಇರಲಿ. ಗಾಳಿ ದಿಕ್ಕಿಗೆ ಯಂತ್ರ ಬೇಡ. ತಾರಸಿಯಲ್ಲಿ ಒಂದು ಊದುಬತ್ತಿ ಹಚ್ಚಿ, ಹೊಗೆ ಎತ್ತ ಬಾಗುತ್ತದೆ ನೋಡಿ. ಹೊಗೆ ಪಶ್ಚಿಮಕ್ಕೆ ಹೋದರೆ ಗಾಳಿ ಪೂರ್ವದ್ದು.

ವಾಸನೆ ಬಾರದ ದಿನವನ್ನೂ ಬರೆಯಿರಿ. ಭಾನುವಾರ ಶೆಡ್ ಮುಚ್ಚಿದಾಗ ತಲೆನೋವು ಇಲ್ಲ, ಸೋಮವಾರ ಮತ್ತೆ ಬಂತು ಅನ್ನುವುದೇ ದೊಡ್ಡ ಸುಳಿವು. ಭಾನುವಾರವೂ ಅಷ್ಟೇ ಇದ್ದರೆ ಬೇರೆ ಕಡೆ ಹುಡುಕಬೇಕು.

ಒಂದು ತಿಂಗಳು ಬರೆದರೆ ನಮೂನೆ ಕಾಣುತ್ತದೆ. ಬೆಂಗಳೂರಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಹೆಚ್ಚಾಗಿ ಪಶ್ಚಿಮದ ಕಡೆಯಿಂದ ಬೀಸುತ್ತದೆ, ಚಳಿಗಾಲದಲ್ಲಿ ಪೂರ್ವ ಮತ್ತು ಈಶಾನ್ಯದಿಂದ. ಶೆಡ್ ನಿಮ್ಮ ಮನೆಯ ಪೂರ್ವಕ್ಕಿದ್ದರೆ ಮಳೆಗಾಲ ಪರವಾಗಿಲ್ಲ, ಚಳಿಗಾಲ ಕಷ್ಟ. ಚಳಿಗಾಲದ ರಾತ್ರಿ ಇನ್ನೊಂದು ತೊಂದರೆ ಇದೆ. ನೆಲದ ಹತ್ತಿರ ತಣ್ಣನೆ ಗಾಳಿ ಕೂತು, ಅದರ ಮೇಲೆ ಬೆಚ್ಚನೆ ಗಾಳಿ ಹೊದ್ದುಕೊಳ್ಳುತ್ತದೆ. ಆಗ ಹೊಗೆ ಮೇಲೇಳುವುದಿಲ್ಲ. ಕೆಲಸ ಅಷ್ಟೇ ನಡೆದಿದ್ದರೂ ರಾತ್ರಿ ಘಾಟು ಹೆಚ್ಚು ಅನಿಸುವುದಕ್ಕೆ ಇದೂ ಒಂದು ಕಾರಣ. "ಕದ್ದು ರಾತ್ರಿ ಬಿಡ್ತಾರೆ" ಅನ್ನುವ ಮಾತು ನಿಜ ಇರಬಹುದು, ಇಲ್ಲದೆಯೂ ಇರಬಹುದು. ಲೈಟ್ ಮತ್ತು ಕಂಪ್ರೆಸರ್ ಸದ್ದಿನ ವಿಷಯ ಬರೆದಿಡಿ ಅಂದದ್ದು ಅದಕ್ಕೇ.

ಯಾವ ಕೆಮಿಕಲ್ ಅಂತ ಪತ್ತೆ ಮಾಡಿ

ಉದಾಹರಣೆಗೆ ನೆಲಮಹಡಿಯಲ್ಲಿ ಸ್ಪ್ರೇ ಪೇಂಟಿಂಗ್ ಶೆಡ್, ಮೇಲೆ ಬಾಡಿಗೆ ಮನೆ ಅಂದುಕೊಳ್ಳಿ. ಪೀಣ್ಯದ ಸುತ್ತಮುತ್ತ ಇಂಥವು ಬೇಕಾದಷ್ಟಿವೆ. ಖಾಲಿ ಡಬ್ಬಗಳು ಹೊರಗೇ ಬಿದ್ದಿರುತ್ತವೆ. ಲೇಬಲ್‌ನ ಫೋಟೋ ತೆಗೆಯಿರಿ. ತಿನ್ನರ್ ಆಗಿದ್ದರೆ ಅದರ ಕಂಪನಿಯ ಸೇಫ್ಟಿ ಡೇಟಾ ಶೀಟ್ ಇಂಟರ್ನೆಟ್ಟಿನಲ್ಲಿ ಹುಡುಕಿ. ಅದರಲ್ಲಿ 16 ಭಾಗ ಇರುತ್ತವೆ, ಎಲ್ಲ ಓದಬೇಕಿಲ್ಲ. 2ನೇ ಭಾಗದಲ್ಲಿ ಅಪಾಯ ಏನು ಅಂತ, 3ರಲ್ಲಿ ಒಳಗೆ ಏನೇನಿದೆ ಅಂತ, 8ರಲ್ಲಿ ಕೆಲಸಗಾರರಿಗೆ ಎಷ್ಟು ಮಿತಿ ಅಂತ ಇರುತ್ತದೆ. 3ನೇ ಭಾಗದಲ್ಲಿ ಪ್ರತಿ ಕೆಮಿಕಲ್ಲಿಗೂ ಒಂದು ಸಿಎಎಸ್ ನಂಬರ್ ಕೊಟ್ಟಿರುತ್ತಾರೆ. ಟಾಲ್ಯೂಯೀನ್‌ಗೆ 108-88-3, ಜೈಲೀನ್‌ಗೆ 1330-20-7, ಬೆಂಜೀನ್‌ಗೆ 71-43-2. ಒಂದೇ ವಸ್ತುವಿಗೆ ಹತ್ತು ಹೆಸರು ಇರುವುದರಿಂದ ನಂಬರ್ ಹಿಡಿದು ಹುಡುಕುವುದೇ ವಾಸಿ.

ದೊಡ್ಡ ಫ್ಯಾಕ್ಟರಿಯಾದರೆ ಡಬ್ಬ ಸಿಗುವುದಿಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿ ಕೊಟ್ಟಿರುವ ಕನ್ಸೆಂಟ್ ಪತ್ರದ ನಕಲು ಕೇಳಿ. ಏನು ತಯಾರಿಸುತ್ತಾರೆ, ಎಷ್ಟು ಚಿಮಣಿ, ಯಾವುದರಿಂದ ಏನು ಬಿಡಬಹುದು ಎಲ್ಲ ಅದರಲ್ಲಿರುತ್ತದೆ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ, 30 ದಿನದ ಗಡುವು. ಅದರ ಜೊತೆಗೇ ಹಿಂದಿನ ತಪಾಸಣಾ ವರದಿಗಳನ್ನೂ ಕೇಳಿಬಿಡಿ, ಎರಡು ಅರ್ಜಿಯ ಓಡಾಟ ಉಳಿಯುತ್ತದೆ.

ಅಳತೆ: ಯಾವುದನ್ನು ನಂಬಬೇಕು

ಮೊಬೈಲ್ ಆ್ಯಪ್‌ನಲ್ಲಿ ಎಕ್ಯೂಐ, ಅಂದರೆ ಗಾಳಿ ಗುಣಮಟ್ಟದ ಸೂಚ್ಯಂಕ, 70 ಅಂತ ಹಸಿರಾಗಿ ತೋರಿಸಿದರೆ ಸಮಾಧಾನ ಪಡಬೇಡಿ. ನಮ್ಮ ದೇಶದ ಎಕ್ಯೂಐ ನೋಡುವುದು ಎಂಟೇ ವಸ್ತು: ಸಣ್ಣ ಧೂಳಿನ ಕಣಗಳಾದ ಪಿಎಂ10 ಮತ್ತು ಪಿಎಂ2.5, ನೈಟ್ರೋಜನ್ ಡೈಆಕ್ಸೈಡ್, ಸಲ್ಫರ್ ಡೈಆಕ್ಸೈಡ್, ಕಾರ್ಬನ್ ಮೊನಾಕ್ಸೈಡ್, ಓಝೋನ್, ಅಮೋನಿಯಾ, ಸೀಸ. ಟಾಲ್ಯೂಯೀನ್ ಇಲ್ಲ, ಬೆಂಜೀನ್ ಇಲ್ಲ, ಕೊಳೆತ ಮೊಟ್ಟೆಯ ಅನಿಲವೂ ಇಲ್ಲ. ನಿಮ್ಮ ಕೆಳಗಿನ ಶೆಡ್ಡಿನ ವಿಷಯದಲ್ಲಿ ಆ ಸಂಖ್ಯೆ ಏನೂ ಹೇಳುವುದಿಲ್ಲ. ಕೆಲವು ಸ್ಟೇಷನ್‌ಗಳು ಬೆಂಜೀನ್ ಅಳೆಯುತ್ತವೆ. ಆ ಅಂಕಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ಬೇರೆಯಾಗಿ ಸಿಗುತ್ತದೆ, ಎಕ್ಯೂಐ ಒಳಗೆ ಸೇರಿರುವುದಿಲ್ಲ.

ಆನ್‌ಲೈನಲ್ಲಿ ಸಿಗುವ ಅಗ್ಗದ ಮೀಟರ್‌ಗಳು ಧೂಳನ್ನು ಸುಮಾರಾಗಿ ಅಳೆಯುತ್ತವೆ. ಅವು ತೋರಿಸುವ "ಟಿವಿಒಸಿ" (ಗಾಳಿಯಲ್ಲಿರುವ ಕೆಮಿಕಲ್ ಆವಿಗಳ ಒಟ್ಟು ಮೊತ್ತ) ಅಂಕಿಗೆ ನಾನಂತೂ ಬೆಲೆ ಕೊಡುವುದಿಲ್ಲ. ಒಗ್ಗರಣೆ ಹಾಕಿದರೂ ಏರುತ್ತದೆ, ಸೆಂಟ್ ಹೊಡೆದರೂ ಏರುತ್ತದೆ, ಯಾವ ಕೆಮಿಕಲ್ ಅಂತ ಹೇಳುವುದೇ ಇಲ್ಲ. ನಿಜವಾದ ಅಂಕಿ ಬೇಕಾದರೆ ಎನ್‌ಎಬಿಎಲ್ (ಲ್ಯಾಬ್‌ಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬಿನಿಂದಲೇ ಅಳೆಸಬೇಕು. ಖರ್ಚು ಜಾಸ್ತಿ, ಹಾಗಾಗಿ ನಾಲ್ಕಾರು ಮನೆಯವರು ಹಂಚಿಕೊಳ್ಳಿ. ಮಾನ್ಯತೆ ಇದೆ ಅಂದರೆ ಸಾಲದು. ನಿಮಗೆ ಬೇಕಾದ ಕೆಮಿಕಲ್ ಆ ಪಟ್ಟಿಯಲ್ಲಿದೆಯಾ ಕೇಳಿ. ಮನುಷ್ಯ ಉಸಿರಾಡುವ ಎತ್ತರದಲ್ಲಿ, ಘಾಟು ಹೆಚ್ಚಿರುವ ಹೊತ್ತಿನಲ್ಲಿ ಒಂದು ಸ್ಯಾಂಪಲ್, ಶೆಡ್ ಮುಚ್ಚಿದ ದಿನ ಅದೇ ಜಾಗದಲ್ಲಿ ಇನ್ನೊಂದು. ಎರಡನೆಯದು ಇಲ್ಲದಿದ್ದರೆ "ಅದು ರಸ್ತೆಯ ಹೊಗೆ" ಅಂತ ಯಾರಾದರೂ ಒಂದೇ ಮಾತಲ್ಲಿ ತಳ್ಳಿಹಾಕುತ್ತಾರೆ.

ಈಗ ಲೆಕ್ಕ

ಕೆಳಗಿನ ಅಂಕಿಗಳು ಕಲಿಯುವುದಕ್ಕೆ ಇಟ್ಟುಕೊಂಡವು, ಯಾವ ಶೆಡ್ಡಿನದೂ ಅಲ್ಲ. ಮಿತಿಗಳು ಮಾತ್ರ ನಿಜವಾದವು.

ಲ್ಯಾಬ್ ವರದಿಯಲ್ಲಿ ಟಾಲ್ಯೂಯೀನ್ 2 ಪಿಪಿಎಂ ಅಂತ ಬಂತು. ಮೊದಲು ಅದನ್ನು ಒಂದು ಘನ ಮೀಟರ್ ಗಾಳಿಯಲ್ಲಿ ಎಷ್ಟು ಮಿಲಿಗ್ರಾಂ ಅಂತ ಬದಲಾಯಿಸಿಕೊಳ್ಳಿ. ಪಿಪಿಎಂ ಅನ್ನು ಅಣುತೂಕದಿಂದ ಗುಣಿಸಿ, 24.45ರಿಂದ ಭಾಗಿಸಿ. ಟಾಲ್ಯೂಯೀನ್‌ನ ಅಣುತೂಕ 92.14. ಆದ್ದರಿಂದ 2 × 92.14 ÷ 24.45, ಸುಮಾರು 7.5 ಮಿಲಿಗ್ರಾಂ.

ಶೆಡ್ ದಿನಕ್ಕೆ 10 ಗಂಟೆ, ವಾರಕ್ಕೆ 6 ದಿನ ನಡೆಯುತ್ತದೆ. ನೀವು ಅಷ್ಟೂ ಹೊತ್ತು ಮನೆಯಲ್ಲಿರುತ್ತೀರಿ ಅಂತ ಇಟ್ಟುಕೊಂಡು ಇಡೀ ವಾರಕ್ಕೆ ಹರಡಿ. 7.5 × 10/24 × 6/7 ಅಂದರೆ ಸುಮಾರು 2.7 ಮಿಲಿಗ್ರಾಂ. ಇದು ನಿಮ್ಮ ಸರಾಸರಿ.

ಇದನ್ನು ಯಾವುದಕ್ಕೆ ಹೋಲಿಸಬೇಕು? ಅಮೆರಿಕದ ಪರಿಸರ ಸಂಸ್ಥೆ ಇಪಿಎ, ಜೀವನಪೂರ್ತಿ ಉಸಿರಾಡಿದರೂ ತೊಂದರೆ ಆಗಲಿಕ್ಕಿಲ್ಲ ಅನ್ನುವ ಮಟ್ಟವನ್ನು ಹಲವು ಕೆಮಿಕಲ್‌ಗಳಿಗೆ ಕೊಟ್ಟಿದೆ. ಟಾಲ್ಯೂಯೀನ್‌ಗೆ ಅದು 5 ಮಿಲಿಗ್ರಾಂ. 2.7 ÷ 5 ಅಂದರೆ 0.54. ಈ ಭಾಗಲಬ್ಧ 1ರ ಒಳಗಿದ್ದರೆ ಗಾಬರಿ ಬೇಡ. 1 ದಾಟಿದರೆ ಕಾಯಿಲೆ ಬಂದೇ ಬಿಟ್ಟಿತು ಅಂತಲ್ಲ, ಸುರಕ್ಷತೆಗೆ ಬಿಟ್ಟ ಅಂತರ ಸವೆಯುತ್ತಾ ಹೋಗುತ್ತಿದೆ ಅಂತ.

ಅದೇ ವರದಿಯಲ್ಲಿ ಜೈಲೀನ್ 0.14 ಮಿಲಿಗ್ರಾಂ ಇದೆ ಅಂದುಕೊಳ್ಳಿ. ಟಾಲ್ಯೂಯೀನ್‌ನ ಐವತ್ತನೇ ಒಂದು ಪಾಲೂ ಇಲ್ಲ. ಹರಡಿದರೆ 0.05. ಆದರೆ ಜೈಲೀನ್‌ನ ಮಟ್ಟ 0.1 ಮಿಲಿಗ್ರಾಂ ಮಾತ್ರ. ಭಾಗಿಸಿದರೆ 0.5. ಇವೆರಡೂ ನರಮಂಡಲದ ಮೇಲೆಯೇ ಕೆಲಸ ಮಾಡುವುದರಿಂದ ಕೂಡಿಸಬೇಕು. 0.54 + 0.5 = 1.04. ಬಿಡಿಬಿಡಿಯಾಗಿ ನೋಡಿದರೆ ಎರಡೂ ಪಾಸು, ಒಟ್ಟಿಗೆ ನೋಡಿದರೆ ಗೆರೆ ದಾಟಿತು. ಲ್ಯಾಬ್ ವರದಿಗಳಲ್ಲಿ ಒಂದೊಂದು ಸಾಲಿನ ಮುಂದೆಯೂ "ಮಿತಿಯೊಳಗಿದೆ" ಅಂತ ಬರೆದಿದ್ದರೂ ಈ ಕೂಡಿಕೆ ನೀವೇ ಮಾಡಿ.

ಕೊನೆಗೆ ಬೆಂಜೀನ್, 20 ಮೈಕ್ರೋಗ್ರಾಂ. ಅಂದರೆ 0.02 ಮಿಲಿಗ್ರಾಂ, ಟಾಲ್ಯೂಯೀನ್ ಮುಂದೆ ಲೆಕ್ಕಕ್ಕೇ ಇಲ್ಲದಷ್ಟು. ವಾರಕ್ಕೆ ಹರಡಿದರೆ ಸುಮಾರು 7. ನಮ್ಮ ದೇಶದ 2009ರ ಗಾಳಿ ಗುಣಮಟ್ಟದ ಮಾನದಂಡದಲ್ಲಿ ಬೆಂಜೀನ್‌ನ ವಾರ್ಷಿಕ ಸರಾಸರಿ ಮಿತಿ 5 ಮೈಕ್ರೋಗ್ರಾಂ. ಘಾಟು ಕೊಟ್ಟದ್ದು ಟಾಲ್ಯೂಯೀನ್, ಮಿತಿ ಮುರಿದದ್ದು ಮೂಗಿಗೇ ಗೊತ್ತಾಗದ ಬೆಂಜೀನ್. ಶೆಡ್ ಮುಚ್ಚಿದಾಗಲೂ ರಸ್ತೆಯ ಪೆಟ್ರೋಲ್ ಹೊಗೆಯಿಂದ ಬೆಂಜೀನ್ ಬರುತ್ತಿರುತ್ತದೆ, ರಜಾದಿನದ ಸ್ಯಾಂಪಲ್‌ನಲ್ಲಿ ಅದು ಕಾಣುತ್ತದೆ. ಆ ಗಂಟೆಗಳ ಪಾಲನ್ನೂ ಸೇರಿಸಬೇಕು.

ಕ್ಯಾನ್ಸರ್ ತರುವ ವಸ್ತುಗಳಿಗೆ ಇನ್ನೊಂದು ಲೆಕ್ಕ ಇದೆ. ಇಪಿಎ ಪ್ರಕಾರ 1 ಮೈಕ್ರೋಗ್ರಾಂ ಬೆಂಜೀನ್ ಇರುವ ಗಾಳಿಯನ್ನು ಜೀವನಪೂರ್ತಿ ಉಸಿರಾಡಿದರೆ, ಹತ್ತು ಲಕ್ಷ ಜನರಲ್ಲಿ 2.2ರಿಂದ 7.8 ಮಂದಿಗೆ ಹೆಚ್ಚುವರಿಯಾಗಿ ಕ್ಯಾನ್ಸರ್ ಬರಬಹುದು. 7 ಮೈಕ್ರೋಗ್ರಾಂ, 70 ವರ್ಷದಲ್ಲಿ 20 ವರ್ಷ ಆ ಮನೆಯಲ್ಲಿ ಇದ್ದರೆ, ಹತ್ತು ಲಕ್ಷಕ್ಕೆ ಸುಮಾರು 4ರಿಂದ 16. ಇದು ಇಡೀ ಊರಿನ ಲೆಕ್ಕ, ನಿಮ್ಮ ಜಾತಕ ಅಲ್ಲ. ಒಂದು ಮನೆಗೆ ಚಿಕ್ಕದು, ಸರ್ಕಾರ ಸುಮ್ನೆ ಕೂರುವಷ್ಟು ಚಿಕ್ಕದಲ್ಲ. "ಕ್ಯಾನ್ಸರ್ ಗ್ಯಾರಂಟಿ"ಗೂ "ಏನೂ ಆಗಲ್ಲ"ಕ್ಕೂ ನಡುವೆ ಸತ್ಯ ಎಲ್ಲಿದೆ ಅಂತ ಈಗ ಕಾಣಿಸುತ್ತದೆ ಅಲ್ವಾ?

ಒಂದೇ ದಿನದ ಸ್ಯಾಂಪಲ್ ವರ್ಷದ ಸರಾಸರಿ ಆಗುವುದಿಲ್ಲ ಅನ್ನುವುದು ನೆನಪಿರಲಿ. ಘಾಟು ಹೆಚ್ಚಿರುವಾಗಲೇ ಹಿಡಿದದ್ದಾದರೆ ನಿಮ್ಮ ಲೆಕ್ಕ ಜಾಸ್ತಿ ಕಡೆಗೆ ವಾಲಿರುತ್ತದೆ. ಡೈರಿಯಿಂದ ಗಂಟೆಗಳನ್ನು ಸರಿಯಾಗಿ ಎಣಿಸಿ.

"ಲಿಮಿಟ್ ಒಳಗಿದೆ" ಅಂದರೆ, ಯಾವ ಲಿಮಿಟ್?

ಮಾಲೀಕರು ತೋರಿಸುವುದು ಬಹಳ ಸಲ 1948ರ ಕಾರ್ಖಾನೆ ಕಾಯ್ದೆ ಇಟ್ಟಿದ್ದ ಮಿತಿ. ಟಾಲ್ಯೂಯೀನ್‌ಗೆ ಅದು 100 ಪಿಪಿಎಂ, ಸುಮಾರು 375 ಮಿಲಿಗ್ರಾಂ, ನಾವು ಮೇಲೆ ಬಳಸಿದ 5ರ 75 ಪಟ್ಟು. ಅದು ಆರೋಗ್ಯವಂತ ಕೆಲಸಗಾರ ದಿನಕ್ಕೆ 8 ಗಂಟೆ ದುಡಿದು ಮನೆಗೆ ಹೋಗಿ ಶುದ್ಧ ಗಾಳಿ ತೆಗೆದುಕೊಳ್ಳುತ್ತಾನೆ ಅಂದುಕೊಂಡು ಇಟ್ಟದ್ದು. ಮೇಲಿನ ಮಹಡಿಯ ಎಂಟು ತಿಂಗಳ ಕೂಸಿಗೆ ಆ ಮಿತಿ ಅನ್ವಯಿಸುವುದಿಲ್ಲ. ಮಕ್ಕಳು ತಮ್ಮ ತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಜಾಸ್ತಿ ಗಾಳಿ ಎಳೆದುಕೊಳ್ಳುತ್ತಾರೆ. ಗರ್ಭಿಣಿಯರು, ಆಸ್ತಮಾ ಇರುವವರು, ಹೃದಯದ ಕಾಯಿಲೆಯವರು ಮನೆಯಲ್ಲಿದ್ದರೆ ಭಾಗಲಬ್ಧ 1ರ ಹತ್ತಿರ ಬಂದಾಗಲೇ ಎಚ್ಚರ ಆಗಿ.

ಡಾಕ್ಟರ ಹತ್ತಿರ ಹೋಗುವಾಗ ಡೈರಿ ತಗೊಂಡು ಹೋಗಿ

"ತಲೆನೋವು" ಅಂದರೆ ಮಾತ್ರೆ ಕೊಡುತ್ತಾರೆ. "ಶೆಡ್ ನಡೆಯುವ ದಿನ ಮಾತ್ರ ತಲೆನೋವು, ಊರಿಗೆ ಹೋದರೆ ಇಲ್ಲ" ಅಂದರೆ ಬೇರೆ ಥರ ಯೋಚಿಸುತ್ತಾರೆ. ಉಸಿರಿನ ತೊಂದರೆಗೆ ಸ್ಪೈರೋಮೆಟ್ರಿ (ಊದಿಸಿ ಶ್ವಾಸಕೋಶದ ಶಕ್ತಿ ಅಳೆಯುವ) ಪರೀಕ್ಷೆ ಉಪಯೋಗಕ್ಕೆ ಬರುತ್ತದೆ. ಬೆಂಜೀನ್‌ಗೆ ಮೂತ್ರ ಪರೀಕ್ಷೆ ಇದೆ, ಆದರೆ ಗಾಳಿ ಕುಡಿದ ದಿನವೇ ಕೊಡಬೇಕು. ವಾರ ಬಿಟ್ಟು ಕೊಟ್ಟರೆ ದುಡ್ಡು ದಂಡ. ಸಿಗರೇಟ್ ಸೇದುವವರಲ್ಲಿ ಅದು ಹೇಗೂ ಏರಿರುತ್ತದೆ, ಅದನ್ನೂ ಹೇಳಿ. "ಫುಲ್ ಬಾಡಿ ಟಾಕ್ಸಿನ್ ಪ್ಯಾಕೇಜ್" ಜಾಹೀರಾತುಗಳಿಗೆ ಬೀಳಬೇಡಿ.

ಮನೆಯಲ್ಲಿ ಏನು ಮಾಡಬಹುದು

ಎನ್95 ಮಾಸ್ಕ್ ಧೂಳು ತಡೆಯುತ್ತದೆ, ಗ್ಯಾಸ್ ತಡೆಯುವುದಿಲ್ಲ. ಏರ್ ಪ್ಯೂರಿಫೈಯರ್‌ನ ಹೆಪಾ ಫಿಲ್ಟರ್ ಕೂಡ ಅಷ್ಟೇ. ಕೆಮಿಕಲ್ ಆವಿಗೆ ಕಿಲೋಗಟ್ಟಲೆ ಇದ್ದಿಲು ಇರುವ ಫಿಲ್ಟರ್ ಬೇಕು, ಅದನ್ನೂ ಆಗಾಗ ಬದಲಾಯಿಸಬೇಕು. ಗಿಡ ಇಟ್ಟರೆ ಗಾಳಿ ಶುದ್ಧ ಅನ್ನುವುದು ಚಂದದ ಮಾತು ಅಷ್ಟೆ. ಡೈರಿ ನೋಡಿ ಘಾಟಿನ ಹೊತ್ತಿಗೆ ಆ ಕಡೆಯ ಕಿಟಕಿ ಮುಚ್ಚಿ, ಉಳಿದ ಹೊತ್ತು ಎಲ್ಲವನ್ನೂ ಚೆನ್ನಾಗಿ ತೆರೆಯಿರಿ. ಮಗುವಿನ ಹಾಸಿಗೆಯನ್ನು ಶೆಡ್ಡಿಗೆ ದೂರದ ಕೋಣೆಗೆ ಸಾಗಿಸಿ.

ದೂರು

ಮೊದಲು ಶೆಡ್ಡಿನವರ ಹತ್ತಿರವೇ ಮಾತಾಡಿ. ಬೂತ್ ಇಲ್ಲದೆ ಬಯಲಲ್ಲೇ ಸ್ಪ್ರೇ ಮಾಡುತ್ತಿದ್ದರೆ ಅವರ ಹುಡುಗರೇ ನಿಮಗಿಂತ ಎಷ್ಟೋ ಪಟ್ಟು ಕುಡಿಯುತ್ತಿರುತ್ತಾರೆ. ಆ ಮಾತು ಎಷ್ಟೋ ಸಲ ನಾಟುತ್ತದೆ. ಬಗ್ಗದಿದ್ದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಲಿಖಿತ ದೂರು ಕೊಡಿ, ಸ್ವೀಕೃತಿ ಪಡೆಯಿರಿ. ಜೊತೆಗೆ ಡೈರಿಯ ನಕಲು, ಲೇಬಲ್ ಫೋಟೋ, ಲ್ಯಾಬ್ ವರದಿ, ನಿಮ್ಮ ಲೆಕ್ಕದ ಹಾಳೆ ಇರಲಿ. ವಸತಿ ಬಡಾವಣೆಯಲ್ಲಿ ಶೆಡ್ ಇದ್ದರೆ ಪಾಲಿಕೆ ಅಥವಾ ಪಂಚಾಯಿತಿಗೂ ಒಂದು ಪ್ರತಿ. ಒಳಗಿನ ಕೆಲಸಗಾರರ ವಿಷಯ ಕಾರ್ಖಾನೆಗಳ ಇಲಾಖೆಗೆ ಸೇರಿದ್ದು. ಎಲ್ಲೂ ಆಗದಿದ್ದರೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠ ನಮ್ಮ ರಾಜ್ಯಕ್ಕೂ ಸೇರಿದೆ.

ದೂರಿನ ಮೇಲೆ ಅವರು ಚಿಮಣಿ ಎತ್ತರಿಸಿದರೆ, ಅದೇ ಜಾಗದಲ್ಲಿ, ಅದೇ ಹೊತ್ತಿಗೆ, ಅದೇ ದಿಕ್ಕಿನ ಗಾಳಿ ಇರುವಾಗ ಮತ್ತೆ ಅಳೆಸಿ. ಎರಡು ಓಣಿ ಆಚೆಯವರನ್ನೂ ಕೇಳಿ ಬನ್ನಿ. ಎತ್ತರದ ಚಿಮಣಿ ಕೆಲವು ಸಲ ಘಾಟನ್ನು ಕಡಿಮೆ ಮಾಡಿರುವುದಿಲ್ಲ, ಅವರ ಮನೆಗೆ ದಾಟಿಸಿರುತ್ತದೆ.